ಕಿರುಬೆರಳಿಗೆ ಶಾಖ ಕೊಟ್ಟರೆ ಮಗು ತಿರುಗುತ್ತದೆಯೇ?

33ನೇ ವಾರದಲ್ಲಿ ಮಗುವಿನ ತಲೆ ಮೇಲಿದೆ ಎಂದು ಕೇಳಿದಾಗ ಎದೆ ಧಸಕ್ಕೆನ್ನುವುದು ಸಹಜ. ಗಾಬರಿ ಬೇಡ, ಎಷ್ಟೋ ಮಕ್ಕಳು ಇನ್ನೂ ತಾವಾಗಿಯೇ ತಿರುಗುತ್ತವೆ.

ನೀವು ಕೇಳಿರುವ ಚೀನೀ ಚಿಕಿತ್ಸೆ ಮಾಕ್ಸಿಬಷನ್. ನಮ್ಮ ದವನದ ಕುಲಕ್ಕೇ ಸೇರಿದ ಗಿಡದ ಒಣ ಎಲೆಯನ್ನು ಬತ್ತಿಯಂತೆ ಸುತ್ತಿ, ಕೆಂಡವಾಗಿಸಿ, ಕಾಲಿನ ಕಿರುಬೆರಳ ಉಗುರಿನ ಹೊರಮೂಲೆಯ ಹತ್ತಿರ ಹಿಡಿಯುತ್ತಾರೆ. ಚರ್ಮಕ್ಕೆ ತಾಗಿಸುವುದಿಲ್ಲ, ಬೆಚ್ಚಗಾಗಿ ಕೆಂಪೇರಿದರೆ ಸಾಕು.

ಚೀನಾದ ಜಿಯಾಂಗ್‌ಷಿಯಲ್ಲಿ 260 ಚೊಚ್ಚಲ ಗರ್ಭಿಣಿಯರ ಮೇಲೆ ನಡೆದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. 35ನೇ ವಾರಕ್ಕೆ, ಶಾಖ ಪಡೆದ 130 ಮಂದಿಯಲ್ಲಿ 98 ಮಕ್ಕಳ ತಲೆ ಕೆಳಗಾಗಿತ್ತು. ಪಡೆಯದ 130 ಮಂದಿಯಲ್ಲಿ 62. ಆಮೇಲೆ ಇಟಲಿಯಲ್ಲಿ ಅದೇ ಪ್ರಯೋಗ ಮಾಡಿದಾಗ ಅಂಥ ಫಲ ಸಿಗಲಿಲ್ಲ. ಹಾಗಾಗಿ ಪ್ರಯತ್ನಿಸಿ ಎನ್ನುತ್ತೇನೆ, ನೆಚ್ಚಿಕೊಂಡು ಕೂರಬೇಡಿ.

ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ರಕ್ತಸ್ರಾವವಿದ್ದರೆ, ಮಾಸು ಕೆಳಗಿದ್ದರೆ, ಅವಳಿಯಾಗಿದ್ದರೆ ಬೇಡವೇ ಬೇಡ. ತುಂಬಿದ ಹೊಟ್ಟೆಯಲ್ಲಿ ಬಗ್ಗಿ ನೀವೇ ಬತ್ತಿ ಹಿಡಿಯಬೇಡಿ, ಕಲಿತವರು ಹಿಡಿಯಲಿ. ಹೊಗೆ ಘಾಟು, ಕಿಟಕಿ ತೆರೆದಿರಲಿ. ಮಗುವಿನ ಚಲನೆ ಕಡಿಮೆ ಅನ್ನಿಸಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. 36–37ನೇ ವಾರಕ್ಕೂ ತಿರುಗದಿದ್ದರೆ, ಹೊಟ್ಟೆಯ ಮೇಲಿಂದ ಕೈಯಿಂದಲೇ ಮಗುವನ್ನು ತಿರುಗಿಸುವ ವಿಧಾನವಿದೆ; ಸುಮಾರು ಅರ್ಧದಷ್ಟು ಮಂದಿಯಲ್ಲಿ ಅದು ಫಲಿಸುತ್ತದೆ. ಅದರ ಬಗ್ಗೆ ಈ ವಾರವೇ ವಿಚಾರಿಸಿ.