ಹೊಲದ ದುಡಿಮೆ ಮತ್ತು ಹಿರಿಯರ ಮೊಣಕಾಲು ನೋವು

ನಾಲತವಾಡ ಭಾಗದ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಬೆಳೆಯುವ ಮನೆಗಳಲ್ಲಿ ವಯಸ್ಸಾದವರ ನೋವು ಹೊಸದಲ್ಲ. ಆದರೆ ಮೊಣಕಾಲಿನ ಕೀಲುಸವೆತ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಕಾರಣಗಳು: ಮುಟ್ಟು ನಿಂತ ಮೇಲೆ ಹೆಂಗಸರ ಎಲುಬಿನ ಬಲ ಬೇಗ ಕುಗ್ಗುತ್ತದೆ, ಕೀಲುಸವೆತವೂ ಹೆಚ್ಚುತ್ತದೆ. ಕೆಲಸದ ರೀತಿಯೂ ಬೇರೆ. ಗಂಡಸರು ನಿಂತು ಕುಂಟೆ ಹೊಡೆಯುತ್ತಾರೆ, ಚೀಲ ಹೊತ್ತು ಸೊಂಟ ನೋಯಿಸಿಕೊಳ್ಳುತ್ತಾರೆ. ಹೆಂಗಸರು ದಿನವಿಡೀ ಕುಕ್ಕರಗಾಲಿನಲ್ಲಿ ಕುಳಿತು ಕಸ ತೆಗೆಯುತ್ತಾರೆ. ಮನೆಗೆ ಬಂದರೆ ನೀರು, ರೊಟ್ಟಿ ಕಾದಿರುತ್ತವೆ.

ರೈತ ಬಾಂಧವರು ಅನುಸರಿಸಬೇಕಾದ ಕ್ರಮಗಳು:

1. ಜೋಳವನ್ನು 45 ಸೆಂ.ಮೀ. ಅಂತರದ ಸಾಲಿನಲ್ಲಿ ಬಿತ್ತಿ, ಸಕಾಲದಲ್ಲಿ ಎಡೆಕುಂಟೆ ಹೊಡೆಯಿರಿ. ಕೈಯಿಂದ ಕಸ ತೆಗೆಯುವ ಕೆಲಸ ಕಡಿಮೆಯಾಗುತ್ತದೆ.

2. ಉಳಿದ ಕಸಕ್ಕೆ ನಿಂತು ಬಳಸುವ ಉದ್ದ ಹಿಡಿಕೆಯ ಸಲಕರಣೆ ಕೊಡಿಸಿರಿ.

3. ಚೀಲವನ್ನು ಇಬ್ಬರು ಸೇರಿ ಎತ್ತಿರಿ.

4. ವೈದ್ಯರನ್ನು ಕೇಳದೆ ನೋವಿನ ಗುಳಿಗೆಯನ್ನು ದಿನವೂ ನುಂಗಬೇಡಿರಿ. ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡಾಗಬಹುದು.

5. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರ ಚಾಚಿ ಇಳಿಸುವ ವ್ಯಾಯಾಮದಿಂದ ತೊಡೆ ಬಲಗೊಂಡು ಮೊಣಕಾಲಿನ ನೋವು ತಗ್ಗುತ್ತದೆ.

ಎತ್ತು ಕುಂಟಿದರೆ ಅಂದೇ ಪಶುವೈದ್ಯರನ್ನು ಕರೆಯುತ್ತೇವೆ. ಮನೆಯ ಹಿರಿಯಳು ಕುಂಟಿದರೆ ವಯಸ್ಸಾಯಿತು ಎಂದು ಸುಮ್ಮನಾಗುವುದು ಸರಿಯಲ್ಲ.