ಕೈ ಎತ್ತಿದರೆ ನಿಲ್ಲಿಸುತ್ತಾರೆ

ಬೇಸಿಗೆ ರಜೆಗೆ ಸಿರುಗುಪ್ಪದ ತವರಿಗೆ ಹೋಗಿದ್ದಾಗ, ಒಂದು ರಾತ್ರಿ ನನ್ನ ಮಗಳು ಕೆನ್ನೆ ಹಿಡಿದುಕೊಂಡು ಎದ್ದು ಕೂತಳು. ಆಗ ಅವಳಿಗೆ ಐದು ವರ್ಷ. ಅವ್ವ ಲವಂಗ ಜಜ್ಜಿ ತಂದಳು. ಹುಡುಗಿ ಬಾಯಿ ತೆಗೆಯಲೇ ಇಲ್ಲ. "ಬಾಯಿ ತೆಗಿತೀಯೋ, ಡಾಕ್ಟ್ರನ್ನ ಕರೆಸಿ ಸೂಜಿ ಚುಚ್ಚಿಸ್ಲೋ?" ಎಂದೆ. ಅವಳು ಗೋಡೆಯ ಕಡೆ ತಿರುಗಿ, ಎರಡೂ ಅಂಗೈಗಳಿಂದ ಬಾಯಿ ಮುಚ್ಚಿಕೊಂಡಳು.

ಆ ಮಾತು ಅವಳಿಗೆ ಹೊಸದಲ್ಲ. ಊಟ ಬಿಟ್ಟರೆ ಸೂಜಿ, ಮಲಗದಿದ್ದರೆ ಸೂಜಿ, ಹಟ ಮಾಡಿದರೆ ಸೂಜಿ. ಅಜ್ಜಿ ಹೇಳುತ್ತಿದ್ದಳು, ಅತ್ತೆ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಮಗು ಹಲ್ಲಿನ ಡಾಕ್ಟರ ಮುಖ ನೋಡುವ ಮೊದಲೇ ಅವರು ಶಿಕ್ಷೆ ಕೊಡುವವರು ಎಂದು ನಾವೆಲ್ಲ ಸೇರಿ ಕಲಿಸಿ ಮುಗಿಸಿದ್ದೆವು.

ಮರುದಿನ ಇನ್ನೂ ದೊಡ್ಡ ತಪ್ಪು ಮಾಡಿದೆ. "ಬಟ್ಟೆ ಅಂಗಡಿಗೆ ಹೋಗೋಣ" ಎಂದು ಸುಳ್ಳು ಹೇಳಿ ಒಂದು ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕುರ್ಚಿ ಹಿಂದಕ್ಕೆ ವಾಲಿದ ಕೂಡಲೇ ಅವಳು ಚೀರಿದಳು. ಕೈ ಒಬ್ಬರು ಹಿಡಿದರು, ಕಾಲು ನಾನು ಹಿಡಿದೆ. ಡಾಕ್ಟರು ದನಿ ಏರಿಸಿದರು. ಕೊನೆಗೆ ಮಾತ್ರೆ ಬರೆಸಿಕೊಂಡು ಹೊರಗೆ ಬಂದೆವು. ಅವತ್ತು ಸಂಜೆಯಿಂದ ಬ್ರಷ್ ಹಿಡಿದು ಹತ್ತಿರ ಹೋದರೂ ಮಗಳು ಹಿಂದೆ ಸರಿಯುತ್ತಿದ್ದಳು. ಹಲ್ಲಿನ ಹುಳುಕು ಅಲ್ಲೇ ಉಳಿಯಿತು. ಅದರ ಜೊತೆಗೆ ನನ್ನ ಮಾತಿನ ಮೇಲೆ ಅವಳಿಗಿದ್ದ ನಂಬಿಕೆಯೂ ಹೋಯಿತು.

"ಹಾಲು ಹಲ್ಲು ತಾನೇ, ಬಿದ್ದು ಹೋಗ್ತೈತಿ, ಬಿಡು" ಎಂದರು ಮನೆಯಲ್ಲಿ. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆ ಮೇಲೆ ಎಸೆದರೆ ಹೊಸದು ಚೆಂದ ಬರುತ್ತದೆ ಎಂಬ ನಂಬಿಕೆಯಲ್ಲಿ ಬೆಳೆದವರು ನಾವು. ಆದರೆ ಮುಂದಿನ ಹಲ್ಲು ಬಿದ್ದಂತೆ ದವಡೆಯ ಹಾಲು ಹಲ್ಲು ಆರೇಳು ವರ್ಷಕ್ಕೆ ಬೀಳುವುದಿಲ್ಲ. ಹತ್ತು ಹನ್ನೆರಡು ವರ್ಷದವರೆಗೂ ಅಗಿಯುವ ಕೆಲಸ ಅದರದೇ. ಕೆಳಗಿರುವ ಶಾಶ್ವತ ಹಲ್ಲಿಗೆ ಜಾಗ ಕಾಯುವುದೂ ಅದೇ. ಬೇಗ ಕಿತ್ತರೆ ಅಕ್ಕಪಕ್ಕದವು ಆ ಜಾಗಕ್ಕೆ ವಾಲುತ್ತವೆ, ಬರಬೇಕಾದದ್ದು ಸೊಟ್ಟ ಬರುತ್ತದೆ. ಸುಮಾರು ಆರು ವರ್ಷಕ್ಕೆ ಎಲ್ಲ ಹಾಲು ಹಲ್ಲುಗಳ ಹಿಂದೆ ಸದ್ದಿಲ್ಲದೆ ಮೂಡುವ ದವಡೆ ಹಲ್ಲಂತೂ ಶಾಶ್ವತದ್ದು. ಯಾವ ಹಲ್ಲೂ ಬೀಳದೆ ಅದು ಬರುವುದರಿಂದ ಅದನ್ನೂ ಹಾಲು ಹಲ್ಲೆಂದೇ ತಿಳಿದು ಕಡೆಗಣಿಸುತ್ತೇವೆ.

ರಜೆ ಮುಗಿಸಿ ಕುರುಗೋಡಿಗೆ ಬಂದ ಮೇಲೆ, ಸುಮಾರು 28 ಕಿಲೋಮೀಟರ್ ದೂರದ ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೆ ಹೋದೆವು. ಮಕ್ಕಳ ದಂತ ವಿಭಾಗದ ಯುವ ವೈದ್ಯೆ ಮೊದಲು ಮಾತಾಡಿಸಿದ್ದು ನನ್ನನ್ನಲ್ಲ, ಮಗಳನ್ನು. ತಾವೂ ಅವಳ ಎತ್ತರಕ್ಕೆ ಬಗ್ಗಿ, "ಇವತ್ತು ಹಲ್ಲು ಎಣಿಸೋದು ಅಷ್ಟೇ. ಬೇರೆ ಏನೂ ಮಾಡಲ್ಲ" ಎಂದರು. ಪುಟ್ಟ ಕನ್ನಡಿಯನ್ನು ಅವಳ ಕೈಗೇ ಕೊಟ್ಟರು. ಗಾಳಿ ಬಿಡುವ ಕೊಳವೆಯನ್ನು ಮೊದಲು ತಮ್ಮ ಅಂಗೈಗೆ, ಆಮೇಲೆ ಅವಳ ಉಗುರಿಗೆ ಹಿಡಿದರು. ಅವಳು ನನ್ನ ತೊಡೆಯ ಮೇಲೆ ಕೂತೇ ಬಾಯಿ ತೆಗೆದಳು. ಇಪ್ಪತ್ತರವರೆಗೆ ಎಣಿಸಿ, ಹೇಳಿದಂತೆ ಅಷ್ಟಕ್ಕೇ ನಿಲ್ಲಿಸಿ ಕಳಿಸಿದರು. ನೋವಿಗೆ ಔಷಧಿ ಬರೆದು, ಎರಡು ವಾರ ಬಿಟ್ಟು ಬರಲು ಹೇಳಿದರು.

ಮೊದಲು ಹೇಳು, ಆಮೇಲೆ ತೋರಿಸು, ಆಮೇಲೆ ಮಾಡು: ಮಕ್ಕಳ ದಂತವೈದ್ಯರೆಲ್ಲ ಕಲಿಯುವ ಪದ್ಧತಿಯಂತೆ ಇದು. 1959ರಲ್ಲಿ ಆಡೆಲ್‌ಸ್ಟನ್ ಎಂಬ ಅಮೆರಿಕದ ದಂತವೈದ್ಯರು ಇದನ್ನು ಬರೆದಿಟ್ಟರು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವುದನ್ನು ಮಕ್ಕಳಿಗೆ ನಾವು ಕಲಿಸುವುದೂ ಹೀಗೇ ಅಲ್ಲವೇ? ಆಸ್ಪತ್ರೆಯ ವಿಷಯ ಬಂದಾಗ ಮಾತ್ರ ಹೇಳದೆ, ತೋರಿಸದೆ ಮಾಡಿಬಿಡಬೇಕು ಎಂದುಕೊಳ್ಳುತ್ತೇವೆ.

ಹೊರಡುವಾಗ ವೈದ್ಯೆ ನನಗೆ ಕೆಲವು ಮಾತು ಹೇಳಿದರು. "'ನೋವಾಗಲ್ಲ' ಅನ್ನಬೇಡಿ. ಮಗುವಿಗೆ ಅದರಲ್ಲಿ ಕೇಳಿಸೋದು ನೋವು ಅನ್ನೋದಷ್ಟೇ. 'ಏನೂ ಮಾಡಲ್ಲ' ಅಂತಲೂ ಅನ್ನಬೇಡಿ, ಮಾಡ್ತೀವಲ್ಲ. ಗೊತ್ತಿದ್ದಷ್ಟು ನಿಜ ಹೇಳಿ, ಉಳಿದದ್ದು ನಮ್ಮನ್ನು ಕೇಳು ಅನ್ನಿ." ಕೊನೆಗೆ ಮಗಳ ಕಡೆ ತಿರುಗಿ, "ಸಾಕು ಅನಿಸಿದರೆ ಎಡಗೈ ಎತ್ತು. ನಿಲ್ಲಿಸ್ತೀನಿ" ಎಂದರು.

ಆ ಎರಡು ವಾರ ನಮ್ಮ ಮನೆಯ ಜಗಲಿಯೇ ಆಸ್ಪತ್ರೆ. ಬ್ಯಾಟರಿ ದೀಪ, ಒಂದು ಚಮಚ, ಒಂದು ಗೊಂಬೆ. ಮೊದಲು ಗೊಂಬೆಯ ಹಲ್ಲು ಅವಳು ಎಣಿಸುತ್ತಿದ್ದಳು, ಆಮೇಲೆ ನನ್ನವು, ಕೊನೆಗೆ ಅವಳವು ನಾನು. ನಮ್ಮೂರ ಗುಡಿಯ ಏಕಶಿಲೆಯ ದೊಡ್ಡ ಬಸವಣ್ಣ ಅವಳಿಗೆ ತುಂಬಾ ಇಷ್ಟ. "ದೊಡ್ಡಬಸಪ್ಪ ಹೆಂಗ ಕುಂತಾನ?" ಎಂದು ಕೇಳಿದರೆ ಕತ್ತು ನೆಟ್ಟಗೆ ಮಾಡಿ, ಕಣ್ಣು ಅಗಲಿಸಿ, ಕದಲದೆ ಕೂತುಬಿಡುತ್ತಿದ್ದಳು. ಹತ್ತು ಎಣಿಸುವಷ್ಟು ಹೊತ್ತು ಕೂತವಳು ವಾರದಲ್ಲಿ ಅರವತ್ತರವರೆಗೂ ಕೂರತೊಡಗಿದಳು.

ಒಂದು ದಿನ ಬ್ರಷ್ ಮಾಡುವಾಗ ಅವಳು ಎಡಗೈ ಎತ್ತಿದಳು. ಇನ್ನೊಂದೇ ಹಲ್ಲು ಉಳಿದಿತ್ತು. ಶಾಲೆಗೆ ಹೊತ್ತಾಗುತ್ತಿದೆ ಎಂದು ನಾನು ಮುಂದುವರಿಸಿದೆ. ಅವಳು ಬಾಯಿ ಮುಚ್ಚಿ ನನ್ನನ್ನೇ ನೋಡಿದಳು. ಅದೇ ನೋಟ, ಬಟ್ಟೆ ಅಂಗಡಿಯ ದಿನದ್ದು. "ತಪ್ಪಾಯ್ತು, ನಿಲ್ಲಿಸಬೇಕಿತ್ತು" ಎಂದೆ. ಮಗು ಧೈರ್ಯವಾಗಿ ಕುರ್ಚಿ ಏರಬೇಕಾದರೆ ಅದರ ಕೈಗೆ ಬೆಲೆ ಇರಬೇಕು ಎಂದು ನನಗೆ ಅವತ್ತು ಅರ್ಥವಾಯಿತು. ಅವತ್ತಿನಿಂದ ಆ ಕೈ ಎದ್ದರೆ ನಾನು ನಿಲ್ಲಿಸಿದ್ದೇನೆ, ಒಮ್ಮೆಯೂ ತಪ್ಪಿಲ್ಲ.

ಚಿಕಿತ್ಸೆಯ ದಿನ ಬೆಳಗಿನ ಮೊದಲ ಬಸ್ಸಿಗೇ ಹೊರಟೆವು. ಬಳ್ಳಾರಿಯ ಬಿಸಿಲಿಗೆ ಮಧ್ಯಾಹ್ನ ದೊಡ್ಡವರೇ ಸಿಡುಕುತ್ತೇವೆ. ನಿದ್ದೆಗೆಟ್ಟ, ಹಸಿದ ಮಗು ಸುಮ್ಮನೆ ಕೂತೀತೇ? ಎರಡು ಇಡ್ಲಿ ತಿನ್ನಿಸಿದ್ದೆ. ಹುಳುಕು ನರದವರೆಗೂ ಹೋಗಿದ್ದರಿಂದ ಮರಗಟ್ಟುವ ಸೂಜಿ ಬೇಕೇ ಬೇಕಿತ್ತು. ಅದನ್ನೂ ಹಿಂದಿನ ದಿನವೇ ಹೇಳಿದ್ದೆ: "ಮೊದಲು ಸಿಹಿ ಮುಲಾಮು ಹಚ್ತಾರೆ. ಆಮೇಲೆ ಚುರ್ ಅಂತೈತಿ, ಹತ್ತು ಎಣಿಸು. ಅತ್ತರೂ ಪರವಾಗಿಲ್ಲ." ಸೂಜಿ ಹಾಕುವಾಗ ಅವಳ ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು. ಎಣಿಕೆ ಮಾತ್ರ ನಿಲ್ಲಲಿಲ್ಲ. ಎಡಗೈ ಮೂರು ಸಲ ಎದ್ದಿತು. ಮೂರು ಸಲವೂ ವೈದ್ಯೆ ಉಪಕರಣ ಹೊರತೆಗೆದು, ಬಾಯಿ ಮುಕ್ಕಳಿಸಲು ಬಿಟ್ಟು, ಅವಳು ತಲೆಯಾಡಿಸಿದ ಮೇಲೆಯೇ ಮುಂದುವರಿಸಿದರು. ನಾಲ್ಕನೆಯ ಸಲ ಎತ್ತಲೇ ಇಲ್ಲ. ನಿಲ್ಲಿಸುತ್ತಾರೆ ಎಂದು ಖಾತ್ರಿಯಾದ ಮೇಲೆ ನಿಲ್ಲಿಸುವ ಅಗತ್ಯವೇ ಬರಲಿಲ್ಲ.

ಎಲ್ಲ ಚೆನ್ನಾಗಿ ಆಯಿತೆಂಬ ಸಮಾಧಾನದಲ್ಲಿ ಒಂದು ಕಡೆ ಎಡವಿದೆ. ತುಟಿ, ಕೆನ್ನೆಯ ಜೋಮು ಇಳಿಯಲು ಎರಡು ಮೂರು ಗಂಟೆ ಬೇಕು, ಅಲ್ಲಿಯವರೆಗೆ ಏನೂ ಅಗಿಯಲು ಬಿಡಬೇಡಿ, ಕಣ್ಣಿಟ್ಟಿರಿ ಎಂದು ಹೇಳಿ ಕಳಿಸಿದ್ದರು. ವಾಪಸ್ ಬರುವಾಗ ಬಸ್ಸಿನ ಗಾಳಿಗೆ ನನಗೆ ಜೊಂಪು ಹತ್ತಿತು. ದಪ್ಪಗಾದಂತೆ ಅನಿಸುವ ತುಟಿ ಮಗುವಿಗೆ ಆಟದ ಸಾಮಾನು. ಕಚ್ಚುತ್ತಾ, ಚೀಪುತ್ತಾ ಕೂತಿದ್ದಾಳೆ. ಸಂಜೆಗೆ ಕೆಳತುಟಿ ಊದಿಕೊಂಡು ಬಿಳಿಯ ಹುಣ್ಣಾಯಿತು. ಹಲ್ಲಿನ ಚಿಕಿತ್ಸೆಗಿಂತ ಅದೇ ಅವಳನ್ನು ಹೆಚ್ಚು ದಿನ ಕಾಡಿತು. "ತುಟಿ ನಿದ್ದೆ ಮಾಡ್ತೈತಿ, ಎಬ್ಬಿಸಬ್ಯಾಡ" ಎಂದು ಮೊದಲೇ ಹೇಳಿ, ದಾರಿಯುದ್ದಕ್ಕೂ ಮಾತಾಡಿಸುತ್ತಾ ಬಂದಿದ್ದರೆ ಸಾಕಿತ್ತು.

ಮುಂದಿನ ಭೇಟಿಯಲ್ಲಿ ನನ್ನ ಇನ್ನೊಂದು ಅನುಮಾನ ಕೇಳಿದೆ. ಸಿರುಗುಪ್ಪದ ಕಡೆಯ ನನ್ನ ತಂಗಿಯ ಮಗನ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಉಜ್ಜುವುದಿಲ್ಲ ಎಂದು ಎಲ್ಲರೂ ಅವನನ್ನು ಬೈಯುತ್ತಿದ್ದೆವು. ಅದು ಕೊಳೆಯಲ್ಲ, ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ಕೊಳವೆಬಾವಿ ನೀರಿನ ಫ್ಲೋರೈಡ್ ಎಂದರು. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಈ ತೊಂದರೆ ಇದೆ. ಬಳ್ಳಾರಿ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1937ರಲ್ಲೇ, ಅದೇ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಇದನ್ನು ಗುರುತಿಸಿದ್ದರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಉಪ್ಪು, ಇಟ್ಟಿಗೆ ಪುಡಿ ಹಾಕಿ ಉಜ್ಜಿದರೆ ಕಲೆ ಹೋಗುವುದಿಲ್ಲ, ಹಲ್ಲು ಸವೆಯುತ್ತದೆ. ಹಾಗೆಂದು ಫ್ಲೋರೈಡ್ ಇರುವ ಪೇಸ್ಟ್ ಬಿಡುವಂತಿಲ್ಲ: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿ ಕಾಳಿನಷ್ಟು, ನುಂಗದಂತೆ ಪಕ್ಕದಲ್ಲಿ ನಿಂತು ಉಗುಳಿಸಬೇಕು. ಮನೆಗೆ ಬಂದು ಆ ಹುಡುಗನಿಗೆ ಫೋನ್ ಮಾಡಿ, "ನಿನ್ನ ತಪ್ಪಲ್ಲಪ್ಪ" ಎಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಮಗಳ ಹಲ್ಲು ಹುಳುಕಾಗಿದ್ದಕ್ಕೆ ನಾನೇ ಕಾರಣ. ಎರಡೂವರೆ ವರ್ಷದವರೆಗೂ ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟೇ ಮಲಗಿಸುತ್ತಿದ್ದೆ. ಮೊದಲ ಹಲ್ಲು ಬಂದ ಮೇಲೆ, ವರ್ಷ ತುಂಬುವಷ್ಟರಲ್ಲಿ ಒಮ್ಮೆ ತೋರಿಸಬೇಕು ಎಂಬುದೂ ಗೊತ್ತಿರಲಿಲ್ಲ. ನೋವಿಲ್ಲದ ದಿನ ಮೊದಲ ಸಲ ಹೋದ ಮಗುವಿಗೆ ಆ ಕುರ್ಚಿ ಹಲ್ಲು ಎಣಿಸುವ ಜಾಗವಾಗಿ ನೆನಪಿರುತ್ತದೆ. ನೋವಿನ ದಿನ ಹೋದ ಮಗುವಿಗೆ ನೋವಿನದಾಗಿಯೇ ಉಳಿಯುತ್ತದೆ. ಈಗ ಆರು ತಿಂಗಳಿಗೊಮ್ಮೆ ಬಳ್ಳಾರಿಗೆ ಹೋಗುತ್ತೇವೆ. ಹೆಚ್ಚಿನ ಸಲ ನೋಡಿ, ಎಣಿಸಿ ಕಳಿಸುತ್ತಾರೆ.

ಕಳೆದ ಹಬ್ಬಕ್ಕೆ ಸಿರುಗುಪ್ಪಕ್ಕೆ ಹೋಗಿದ್ದೆವು. ನನ್ನ ತಮ್ಮನ ಎರಡು ವರ್ಷದ ಕೂಸು ಅನ್ನ ಉಗುಳುತ್ತಿತ್ತು. "ಉಣ್ತೀಯೋ, ಡಾಕ್ಟ್ರನ್ನ..." ಎಂದು ಅವ್ವ ಶುರು ಮಾಡಿದಳು. ನನ್ನ ಮಗಳು ಆಟ ಬಿಟ್ಟು ಎದ್ದು ಬಂದು ಅಜ್ಜಿಯ ಕೈ ಹಿಡಿದಳು. "ಹಂಗನ್ನಬ್ಯಾಡ ಅಜ್ಜಿ. ಅವರು ಹಲ್ಲು ಎಣಿಸೋರು."