ಬಾಣಲೆಯ ಲೇಪ ಎಷ್ಟು ಬಿಸಿ ತಡೆದೀತು?

ಇಲ್ಲಿ ಅಮೆರಿಕದಲ್ಲಿ ಹೊಸ ಬಾಣಲೆ ಕೊಳ್ಳಲು ಅಂಗಡಿಗೆ ಹೋದರೆ ‘ನಾನ್‌ಸ್ಟಿಕ್’, ‘ಸೆರಾಮಿಕ್’, ‘ಪಿಎಫ್‌ಒಎ ರಹಿತ’ ಎಂಬ ಚೀಟಿಗಳನ್ನು ಓದಿಯೇ ತಲೆ ಕೆಡುತ್ತದೆ. ದೋಸೆ, ಒಗ್ಗರಣೆ ಎಂದು ಒಲೆಯನ್ನು ಜೋರಾಗಿ ಉರಿಸುವ ನಮ್ಮ ಅಡುಗೆಗೆ ಮುಖ್ಯವಾದ ಪ್ರಶ್ನೆ ಒಂದೇ: ಈ ಲೇಪ ಎಷ್ಟು ಬಿಸಿ ತಡೆಯುತ್ತದೆ?

ಮೊದಲು ಟೆಫ್ಲಾನ್. ಇದರ ರಾಸಾಯನಿಕ ಹೆಸರು ಪಿಟಿಎಫ್‌ಇ. 1938ರಲ್ಲಿ ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಅವರಿಗೆ, ಫ್ರಿಜ್ಜಿಗೆ ಬೇಕಾದ ಅನಿಲದ ಸಂಶೋಧನೆಯಲ್ಲಿದ್ದಾಗ, ಇದು ಆಕಸ್ಮಿಕವಾಗಿ ಸಿಕ್ಕಿತು. ಇಂಗಾಲದ ಸರಪಳಿಯ ಸುತ್ತ ಫ್ಲೋರಿನ್ ಪರಮಾಣುಗಳು ಬಿಗಿಯಾಗಿ ಕೂತಿರುವುದರಿಂದ ಬೇರೆ ವಸ್ತುಗಳು ಇದಕ್ಕೆ ಸುಲಭವಾಗಿ ಅಂಟುವುದಿಲ್ಲ. ಸುಮಾರು 260 ಡಿಗ್ರಿ ಸೆಲ್ಸಿಯಸ್, ಅಂದರೆ 500 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಈ ಲೇಪ ತಡೆಯುತ್ತದೆ. ಅದಕ್ಕಿಂತ ಹೆಚ್ಚು ಕಾದರೆ ಕೆಡಲಾರಂಭಿಸುತ್ತದೆ. ತೀರಾ ಕಾದಾಗ ಬರುವ ಹೊಗೆಯಿಂದ ಮನುಷ್ಯರಿಗೆ ಫ್ಲೂ ಮಾದರಿಯ ಚಳಿಜ್ವರ ಬರಬಹುದು. ಮನೆಯಲ್ಲಿ ಸಾಕಿದ ಗಿಳಿಗಳ ಪ್ರಾಣವೇ ಹೋಗಬಹುದು.

ಪಿಎಫ್‌ಒಎ ಎಂಬುದು ಟೆಫ್ಲಾನ್ ತಯಾರಿಕೆಯಲ್ಲಿ ಬಳಸುತ್ತಿದ್ದ ಇನ್ನೊಂದು ರಾಸಾಯನಿಕ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2006ರಲ್ಲಿ ಆರಂಭಿಸಿದ ಕಾರ್ಯಕ್ರಮದಂತೆ ದೊಡ್ಡ ಕಂಪನಿಗಳು 2015ರೊಳಗೆ ಇದರ ಬಳಕೆ ಬಿಟ್ಟವು. ಹಾಗಾಗಿ ‘ಪಿಎಫ್‌ಒಎ ರಹಿತ’ ಎಂದರೆ ‘ಟೆಫ್ಲಾನ್ ರಹಿತ’ ಎಂದು ಅರ್ಥವಲ್ಲ!

ಇನ್ನು ಸೆರಾಮಿಕ್. ಇದು ಮಡಕೆಯಂತೆ ಸುಟ್ಟ ಮಣ್ಣಲ್ಲ. ಸಾಮಾನ್ಯವಾಗಿ ಅಲ್ಯೂಮಿನಿಯಂ ಬಾಣಲೆಯ ಮೇಲೆ ಸಿಲಿಕಾ ಆಧಾರದ ದ್ರಾವಣ ಸಿಂಪಡಿಸಿ, ಒಣಗಿಸಿ, ಕಾಯಿಸಿ ಗಟ್ಟಿಮಾಡಿದ ತೆಳು ಪದರ. ಹೆಚ್ಚು ಕಾದರೂ ಟೆಫ್ಲಾನಿನ ಹೊಗೆ ಬರುವುದಿಲ್ಲ. ಆದರೆ ಅಂಟದಿರುವ ಗುಣ ಬೇಗ ಹೋಗುತ್ತದೆ. ದಿನಬಳಕೆಯಲ್ಲಿ ಒಂದೆರಡು ವರ್ಷ ಬಂದರೆ ಪುಣ್ಯ.

ನಮ್ಮ ಅಜ್ಜಿಯರ ಕಬ್ಬಿಣದ ಕಾವಲಿಗೂ ಲೇಪವಿದೆ. ಎಣ್ಣೆ ಸವರಿ ಕಾಯಿಸಿ ಪಳಗಿಸಿದಾಗ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ಅದು ಕಿತ್ತುಹೋದರೆ ಮನೆಯಲ್ಲೇ ಮತ್ತೆ ಪಳಗಿಸಬಹುದು. ಉಳಿದೆರಡಕ್ಕೆ ಈ ಅನುಕೂಲವಿಲ್ಲ.

ಕೆಲವು ಸರಳ ಸೂತ್ರಗಳು:

1. ಟೆಫ್ಲಾನ್ ಪಾತ್ರೆಯನ್ನು ಬರಿದಾಗಿ ಜೋರು ಉರಿಯಲ್ಲಿಟ್ಟು ಫೋನಿನಲ್ಲಿ ಮಾತಿಗೆ ಕೂರಬೇಡಿ. ಕೆಲವೇ ನಿಮಿಷಗಳಲ್ಲಿ 260 ಡಿಗ್ರಿ ದಾಟಬಹುದು.

2. ಒಗ್ಗರಣೆಗೆ ಮೊದಲೇ ಎಣ್ಣೆ ಹಾಕಿ. ರಿಫೈನ್ಡ್ ಕಡಲೆಕಾಯಿ ಎಣ್ಣೆ ಸುಮಾರು 230 ಡಿಗ್ರಿಯಲ್ಲಿ ಹೊಗೆಯಾಡಿ ನಮ್ಮನ್ನು ಎಚ್ಚರಿಸುತ್ತದೆ. ಬರಿದಾದ ಪಾತ್ರೆ ಎಚ್ಚರಿಸುವುದಿಲ್ಲ.

3. ಕಾವಲಿಗೆ ನೀರು ಚಿಮುಕಿಸಿದಾಗ ‘ಚುಂಯ್’ ಎಂದು ಆರಿದರೆ ಸರಿ. ಹನಿಗಳು ಮುತ್ತಿನಂತೆ ಉರುಳಾಡಿದರೆ ಬಿಸಿ 200 ಡಿಗ್ರಿಯ ಆಸುಪಾಸಿಗೆ ಬಂದಿದೆ, ಉರಿ ತಗ್ಗಿಸಿ.

4. ಟೆಫ್ಲಾನಿಗೂ ಸೆರಾಮಿಕ್ಕಿಗೂ ಮರದ ಸಟ್ಟುಗವೇ ಇರಲಿ. ಲೇಪ ಏಳತೊಡಗಿದರೆ ಪಾತ್ರೆ ಬದಲಿಸಿ.

ದೋಸೆ, ರೊಟ್ಟಿಗೆ ಕಬ್ಬಿಣ. ಮೊಟ್ಟೆ, ಉಪ್ಪಿಟ್ಟಿನಂಥ ಸಣ್ಣ ಉರಿಯ ಅಡುಗೆಗೆ ಲೇಪದ ಬಾಣಲೆ. ಹೀಗೆ ಕೆಲಸ ಹಂಚಿಕೊಟ್ಟರೆ ಪಾತ್ರೆಯೂ ಬಾಳುತ್ತದೆ, ಅಡುಗೆಮನೆಯ ಗಾಳಿಯೂ ಶುದ್ಧವಾಗಿರುತ್ತದೆ.